ಮನೆಯವರು ಎಂದರೆ ಯಾರು?

ಕನ್ನಡದಲ್ಲಿ ನಂಟಿನ ಪದಗಳಿಗೆ ಬರವಿಲ್ಲ. ಬಸ್ಸಿನ ಕಂಡಕ್ಟರ್ ಅಣ್ಣ, ಹೂ ಮಾರುವವರು ಅಕ್ಕ, ಬೀದಿಯ ಕೊನೆಮನೆಯ ಹಿರಿಯರು ಅಜ್ಜಿ. ಅಪರಿಚಿತರಿಗೂ ಧಾರಾಳವಾಗಿ ನಂಟು ಹಂಚುವ ಈ ಭಾಷೆಯಲ್ಲಿ, ಆರು ವರ್ಷಗಳಿಂದ ನನ್ನೊಂದಿಗೆ ಒಂದೇ ಒಲೆಯ ಅಡುಗೆ ಉಣ್ಣುತ್ತಿರುವವಳನ್ನು ಏನೆಂದು ಪರಿಚಯಿಸಲಿ?

‘ಗೆಳತಿ’ ಎಂದರೆ ಸಾಲದು. ‘ರೂಮ್‌ಮೇಟ್’ ಎಂದರೆ ಬಾಡಿಗೆಯ ಲೆಕ್ಕವಷ್ಟೇ ಉಳಿಯುತ್ತದೆ. ‘ಒಡಹುಟ್ಟಿದವಳ ಹಾಗೆ’ ಎನ್ನಬಹುದು. ಆದರೆ ಆ ‘ಹಾಗೆ’ ರಕ್ತಸಂಬಂಧವೇ ಅಸಲು, ಇದು ಅದರ ನಕಲು ಎಂದು ಒಪ್ಪಿಕೊಂಡುಬಿಡುತ್ತದೆ. ‘ಆಯ್ದುಕೊಂಡ ಕುಟುಂಬ’ ಎಂಬ ಅನುವಾದ ಸಂಶೋಧನಾ ಪ್ರಬಂಧಕ್ಕೆ ಸರಿ, ದಿನದ ಮಾತಿಗೆ ಒಗ್ಗುವುದಿಲ್ಲ. ಅಲ್ಲದೆ, ನಾವು ಒಂದು ದಿನ ಕೂತು ಒಬ್ಬರನ್ನೊಬ್ಬರು ಆಯ್ದುಕೊಂಡವರೂ ಅಲ್ಲ.

ನಾವಿಬ್ಬರೇ ಇರುವಾಗ ಹೆಸರೇ ಸಾಕು. ಪದ ಬೇಕಾಗುವುದು ಮೂರನೆಯವರ ಎದುರು. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯನ್ನೇ ನೋಡಿ. ಅದರಲ್ಲಿ ‘ಹತ್ತಿರದ ಸಂಬಂಧಿ’ಗಳ ಒಂದು ಪಟ್ಟಿಯಿದೆ. ಆ ಪಟ್ಟಿಯ ಹೊರಗಿನವರು ಪ್ರೀತಿಯಿಂದ ಮೂತ್ರಪಿಂಡ ಕೊಡುವುದಾದರೆ ಸಮಿತಿಯೊಂದರ ಪೂರ್ವಾನುಮತಿ ಬೇಕು. ಅಂಗಾಂಗ ಮಾರಾಟ ತಡೆಯಲು ಈ ಎಚ್ಚರ ಅಗತ್ಯವೇ. ಆದರೂ ಹೆಸರಿಲ್ಲದ ನಂಟು ತನ್ನನ್ನು ತಾನು ಸಾಬೀತುಪಡಿಸಬೇಕಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬೇರೆ ದಾರಿ ಹಿಡಿದಿದೆ: ತನ್ನ ಪ್ರತಿನಿಧಿಯಾಗಿ ಯಾರಿರಬೇಕೆಂದು ವಯಸ್ಕ ವ್ಯಕ್ತಿ ತಾನೇ ಸೂಚಿಸಬಹುದು, ಅವರು ಸಂಬಂಧಿಯೇ ಆಗಿರಬೇಕಿಲ್ಲ.

ಹಾಗಾದರೆ ಹೊಸ ಪದ ಟಂಕಿಸಬೇಕೆ? ನನಗೆ ಹಳೆಯದೊಂದು ಪದವೇ ಸಾಕೆನಿಸುತ್ತದೆ: ‘ಮನೆಯವರು’. ನಮ್ಮಲ್ಲಿ ಎಷ್ಟೋ ಹೆಂಗಸರು ಗಂಡನನ್ನು ಕರೆಯುವುದು ಹೀಗೆಯೇ. ಆಸ್ಪತ್ರೆಯಲ್ಲಿ ನರ್ಸ್ ಕೇಳುವುದೂ ‘ಮನೆಯವರು ಯಾರಾದ್ರೂ ಇದ್ದೀರಾ?’ ಎಂದೇ. ಈ ಪದದಲ್ಲಿ ರಕ್ತವಿಲ್ಲ, ತಾಳಿಯಿಲ್ಲ. ಇರುವುದು ಮನೆ.

ಆದರೆ ಪದವನ್ನು ಹಿಗ್ಗಿಸಿದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಹಿಜ್ರಾ ಸಮುದಾಯದಲ್ಲಿ ಗುರು-ಚೇಲಾ, ತಾಯಿ-ಮಗಳು ಎಂಬವು ಬರೀ ಅಕ್ಕರೆಯ ಮಾತುಗಳಲ್ಲ. ಅವುಗಳೊಂದಿಗೆ ಕಟ್ಟುಪಾಡು, ಹೊಣೆ ಎರಡೂ ಬರುತ್ತವೆ. ಕಂಡಕ್ಟರನ್ನು ಅಣ್ಣ ಎಂದು ಕರೆದು ಮುಂದಿನ ಸ್ಟಾಪಿನಲ್ಲಿ ಇಳಿದುಹೋಗಬಹುದು. ‘ಇವಳು ನಮ್ಮ ಮನೆಯವಳು’ ಎಂದವಳು ಹಾಗೆ ಇಳಿದುಹೋಗುವಂತಿಲ್ಲ. ಅವಳ ಕಾಯಿಲೆ, ಅವಳ ಸಾಲ, ಅವಳ ಮುಪ್ಪು ಇವೆಲ್ಲದರಲ್ಲೂ ನನ್ನ ಪಾಲಿದೆ ಎಂದು ನಾಲ್ಕು ಜನರೆದುರು ಹೇಳಿದಂತೆ ಅದು. ನಾವು ಪದ ಹುಡುಕುತ್ತ ತಡವರಿಸುವುದು ಭಾಷೆ ಬಡವಾಗಿದ್ದಕ್ಕೋ, ಆ ಪಾಲು ಹೊರಲು ಇನ್ನೂ ಅಳುಕಿರುವುದಕ್ಕೋ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.