ತವರಿಗೆ ಹೊರಟ ಹಕ್ಕಿ

ಚಳಿಗಾಲದ ಒಂದು ಬೆಳಿಗ್ಗೆ ನಾವು ಮಾನ್ವಿ ಹತ್ತಿರದ ಕೆರೆಯೊಂದರ ದಂಡೆಯಲ್ಲಿ ನಿಂತಿದ್ದೆವು. ಗುಬ್ಬಿ ಗಾತ್ರದ, ಕಪ್ಪು ಕಾಲಿನ ಪುಟ್ಟ ಹಕ್ಕಿಗಳು ಕೆಸರಿನಲ್ಲಿ ಕೊಕ್ಕು ಕುಟ್ಟುತ್ತ ಓಡಾಡುತ್ತಿದ್ದವು. ಬಲೆ ಬಿಡಿಸುತ್ತ ಕೂತಿದ್ದ ಮುದುಕರೊಬ್ಬರು ಹೇಳಿದರು: “ಅವು ಇಲ್ಲಿನವಲ್ರೀ ಸಾಹೇಬ್ರ. ಬ್ಯಾಸಗಿ ಬಿರುಸಾದ್ರ ಹೋಗ್ತಾವ. ಹಡಿಯಾಕ ತವರಮನಿಗೆ ಹೋಗ್ತಾವ.”

ಮುದುಕರ ಮಾತು ನಿಜ. ಲಿಟಲ್ ಸ್ಟಿಂಟ್ ಎಂದು ಕರೆಯುವ ಈ ಹಕ್ಕಿಯ ತವರು ಉತ್ತರ ಧ್ರುವದ ಅಂಚಿನ ಸೈಬೀರಿಯಾ. ಮೂವತ್ತು ಗ್ರಾಮಿನಷ್ಟು ತೂಗುವ ಜೀವ ಸಾವಿರಾರು ಮೈಲಿ ಹಾರಿ, ಹಿಮ ಕರಗಿದ ನೆಲದ ಮೇಲೆ ನಾಲ್ಕು ಮೊಟ್ಟೆ ಇಡುತ್ತದೆ. ಇವುಗಳ ಮರಿಗಳಿಗೆ ತಾಯಿ ಗುಟುಕು ಕೊಡುವುದಿಲ್ಲ. ಮೊಟ್ಟೆಯೊಡೆದ ಮರಿ ಮೈ ಒಣಗಿದೊಡನೆ ಎದ್ದು ತನ್ನ ಹುಳುವನ್ನು ತಾನೇ ಹುಡುಕಬೇಕು. ಆದ್ದರಿಂದ ಮರಿ ಹೊರಬರುವ ದಿನವೂ ಹುಳು ಏಳುವ ದಿನವೂ ಕೂಡಿಬರಬೇಕು.

ತೊಡಕು ಇರುವುದು ಇಲ್ಲಿಯೇ. ಹೊರಡುವ ಹೊತ್ತನ್ನು ಹಕ್ಕಿ ಬಹುಮಟ್ಟಿಗೆ ಹಗಲಿನ ಉದ್ದದಿಂದ ತಿಳಿಯುತ್ತದೆ. ಸೂರ್ಯನ ಆ ಗಡಿಯಾರ ಕೆಟ್ಟಿಲ್ಲ. ಆದರೆ ಹುಳುಗಳು ಏಳುವುದು ಹಿಮ ಕರಗಿದಾಗ. ಭೂಮಿ ಬಿಸಿಯಾದಂತೆ ಆ ಗಡಿಯಾರ ಮುಂದೋಡುತ್ತಿದೆ. ನಮ್ಮ ರೈತನಿಗೆ ಮುಂಗಾರು ಕೈಕೊಟ್ಟರೆ ಹಿಂಗಾರಿ ಜೋಳದ ಆಸೆಯಾದರೂ ಉಂಟು. ಧ್ರುವದ ಬೇಸಿಗೆಗೆ ಹಿಂಗಾರಿ ಎಂಬುದಿಲ್ಲ.

ಇದೇ ಬಳಗದ ರೆಡ್ ನಾಟ್ ಎಂಬ ಹಕ್ಕಿಯ ಕಥೆ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತು. ಅದು ಮರಿ ಮಾಡುವ ಸೈಬೀರಿಯಾದ ತೈಮಿರ್‌ನಲ್ಲಿ 33 ವರ್ಷಗಳಿಂದ ಹಿಮ ವರ್ಷಕ್ಕೆ ಸುಮಾರು ಅರ್ಧ ದಿನದಂತೆ ಬೇಗ ಕರಗುತ್ತ ಬಂದಿದೆ. ಬಿಸಿಯಾದ ವರ್ಷಗಳಲ್ಲಿ ಹುಟ್ಟಿದ ಮರಿಗಳು ಸಣ್ಣವು, ಅವುಗಳ ಕೊಕ್ಕು ಗಿಡ್ಡ. ಚಳಿಗಾಲಕ್ಕೆ ಆಫ್ರಿಕಾದ ಮಾರಿಟೇನಿಯಾ ಕರಾವಳಿಗೆ ಹೋದಾಗ ಮರಳಿನ ಆಳದಲ್ಲಿರುವ ಚಿಪ್ಪುಹುಳು ಆ ಕೊಕ್ಕಿಗೆ ಎಟುಕದೆ ಅನೇಕ ಹಕ್ಕಿಗಳು ಸಾಯುತ್ತವೆ. ತವರಲ್ಲಿ ತಪ್ಪಿದ ತುತ್ತಿಗೆ ಸಾವು ಬಂದದ್ದು ಪರದೇಶದಲ್ಲಿ. ಇನ್ನು ಗ್ರೀನ್‌ಲ್ಯಾಂಡಿನ ಈಶಾನ್ಯದಲ್ಲಿ 2018ರಲ್ಲಿ ಆದದ್ದು ಇದರ ತಿರುವುಮುರುವು. ಅತಿಯಾಗಿ ಬಿದ್ದ ಹಿಮ ಬೇಸಿಗೆ ಬಂದರೂ ಕರಗಲಿಲ್ಲ, ಹಕ್ಕಿಗಳು ಮರಿ ಮಾಡಲೇ ಇಲ್ಲ. ಕೆಟ್ಟಿರುವುದು ಬಿಸಿಲಷ್ಟೇ ಅಲ್ಲ, ಕಾಲದ ಮೇಲಿನ ನಂಬಿಕೆ.

ಇದರಲ್ಲಿ ನಮ್ಮ ತಪ್ಪೇನು ಎಂದು ಕೇಳಬಹುದು. ನಾವು ಆ ಹಿಮವನ್ನು ಕಂಡವರಲ್ಲ, ಆ ಮರಿಗೆ ಕೇಡು ಬಯಸಿದವರೂ ಅಲ್ಲ. ಆದರೆ ರಾಯಚೂರಿನ ಪಕ್ಕದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಹೊತ್ತಿಸಿದ ವಿದ್ಯುತ್ ಸ್ಥಾವರ ಮುಂದೆ ಎಂಟು ಘಟಕಗಳಾಗಿ 1,720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಅಲ್ಲಿ ಸುಟ್ಟ ಕಲ್ಲಿದ್ದಲಿನ ಬೆಳಕಿನಲ್ಲೇ ನಾವು ಓದಿದೆವು, ಬರೆದೆವು. ಆ ಹೊಗೆ ರಾಯಚೂರಿನ ಆಕಾಶದಲ್ಲೇ ನಿಲ್ಲಲಿಲ್ಲ. ನಮ್ಮ ಪಾಲು ಸಾಸಿವೆಯಷ್ಟು ಎಂಬುದು ನಿಜ. ಎಲ್ಲರೂ ಅದನ್ನೇ ಹೇಳಿದರೆ ಸಾಸಿವೆಗಳೇ ಕೂಡಿ ಗುಡ್ಡವಾಗುತ್ತವೆ, ಹೊರುವವರು ಮಾತ್ರ ಯಾರೂ ಇರುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಕಠಿಣವಾದದ್ದು. ದೇವದುರ್ಗದ ಬಡವರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಿರುವಾಗ ಹಕ್ಕಿಯ ಮರಿಗಾಗಿ ಅಳುವುದು ಉಂಡವರ ಚಟವಲ್ಲವೇ? ಬಹಳ ದಿನ ನಾವೂ ಹಾಗೆಯೇ ಎಣಿಸಿದ್ದೆವು. ಈಗ ಅನಿಸುತ್ತದೆ, ಇವೆರಡೂ ಒಂದೇ ಕಥೆ. ಮಳೆಯನ್ನು ನಂಬಿ ವರ್ಷ ಹೂಡಿದವನೂ ಹಿಮವನ್ನು ನಂಬಿ ಹಾರಿದ ಹಕ್ಕಿಯೂ ಮಾತಿಗೆ ತಪ್ಪಿದವರಲ್ಲ. ಕಾಲವನ್ನು ಕದಲಿಸಿದವರು ಬೇರೆ, ದಂಡ ತೆರುವವರು ಬೇರೆ. ಒಂದೇ ಬಲ್ಬಿನ ಮನೆಯವನನ್ನೂ ಹತ್ತು ಏಸಿಗಳ ಮಹಲಿನವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಬಳಸಿದಷ್ಟು ಹೊಣೆ, ತಿಳಿದಷ್ಟು ಹೊಣೆ. ತಿಳಿದ ಮೇಲೆ ‘ಗೊತ್ತಿರಲಿಲ್ಲ’ ಎನ್ನುವ ರಿಯಾಯಿತಿ ಉಳಿಯುವುದಿಲ್ಲ.

ಧ್ರುವ ದೂರವಿರಬಹುದು, ಹೊಳೆ ದೂರವಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಬಯಲಾಗುವ ಮರಳುದಿಬ್ಬದ ಮೇಲೆ, ಗೂಡನ್ನೂ ಕಟ್ಟದೆ ಮೊಟ್ಟೆಯಿಡುವ ಹಕ್ಕಿ ರಿವರ್ ಟರ್ನ್. ಭದ್ರಾ ಜಲಾಶಯದ ಹಿನ್ನೀರಿನ ನಡುಗಡ್ಡೆಗಳಲ್ಲಿ ಇವು ಗುಂಪುಗುಂಪಾಗಿ ಮರಿ ಮಾಡುತ್ತವೆ. ಅದೇ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ ಮಾನ್ವಿಯ ಸೀಮೆಗೆ ಬರುತ್ತಾಳೆ. ಅಕಾಲದ ಮಳೆಗೋ ಹೊತ್ತಲ್ಲದ ಹೊತ್ತಿನಲ್ಲಿ ಅಣೆಕಟ್ಟೆಯಿಂದ ಬಿಟ್ಟ ನೀರಿಗೋ ಹೊಳೆ ಏರಿದರೆ ಇಂಥ ಮೊಟ್ಟೆಗಳು ಒಂದೇ ರಾತ್ರಿಯಲ್ಲಿ ತೇಲಿಹೋಗುತ್ತವೆ. ದಿಬ್ಬವನ್ನೇ ಟಿಪ್ಪರಿಗೆ ತುಂಬಿದರೆ ತೇಲಲೂ ಏನೂ ಉಳಿಯುವುದಿಲ್ಲ. ದೇವದುರ್ಗದ ಕೃಷ್ಣೆಯಲ್ಲೂ ಮಾನ್ವಿಯ ತುಂಗಭದ್ರೆಯಲ್ಲೂ ಮರಳು ಹೇಗೆ ಹೋಗುತ್ತಿದೆ ಎಂಬುದನ್ನು ಈ ಸೀಮೆಯವರಿಗೆ ಹೇಳಬೇಕಿಲ್ಲ. ನಮ್ಮ ಮನೆಯ ಗೋಡೆಯೂ ಆ ಮರಳಿನದೇ. ಧ್ರುವದ ಹಿಮವನ್ನು ನಾವೊಬ್ಬರೇ ಹಿಡಿದು ನಿಲ್ಲಿಸಲಾರೆವು. ಮೊಟ್ಟೆಯಿರುವ ಎರಡು ಮೂರು ತಿಂಗಳು ಒಂದು ದಿಬ್ಬವನ್ನು ಮುಟ್ಟದೆ ಬಿಡುವುದು ನಮ್ಮ ಊರುಗಳ ಕೈಯಲ್ಲೇ ಇದೆ.

ಕಾಲವೂ ಒಂದು ಅಮಾನತು. ನಮ್ಮ ಕೈಗೆ ಬಂದಾಗ ಅದರಲ್ಲಿ ನಮ್ಮದಲ್ಲದ ಜೀವಗಳ ಪಾಲೂ ಇತ್ತು. ಆ ಮುದುಕರು ಅಂದು ಮತ್ತೊಂದು ಮಾತು ಕೇಳಿದ್ದರು: “ತವರಾಗ ಅವಕ್ಕ ಉಣ್ಣಾಕ ಇಡೋರು ಯಾರ್ರೀ?” ಆಗ ನಾವು ನಕ್ಕಿದ್ದೆವು. ಈಗ ಆ ಪ್ರಶ್ನೆ ನಮ್ಮ ಮನೆಬಾಗಿಲಲ್ಲೇ ನಿಂತಿದೆ.