ನೆನಪಿನ ಮನೆಯ ಖರ್ಚು

ಪುಣೆಗೆ ಬಂದು ಮೂವತ್ತೈದು ವರ್ಷ ಕಳೆದವು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನ್ನ ಮುಖ್ಯ ಉದ್ಯೋಗವೆಂದರೆ ಮೊಮ್ಮಗನಿಗೆ ಧಾರವಾಡ ಜಿಲ್ಲೆಯ ನಮ್ಮೂರಿನ ಕತೆ ಹೇಳುವುದು. ಕೆರೆ, ಹುಣಸೆಮರ, ಪಡಸಾಲೆ, ಅಟ್ಟ. ಒಂದು ದಿನ ಅವನು, "ಅಜ್ಜಾ, ನೀ ಹೇಳೋ ಊರು ಟೋಲ್ಕಿನ್ನನ ಶೈರ್ ಇದ್ದಂಗ ಅದ" ಅಂದು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ನನ್ನ ಕೈಗಿಟ್ಟ. ಎಂ.ಕಾಂ. ಓದಿದವನಿಗೆ ಮಾಯದ ಉಂಗುರದ ಕತೆ ಯಾಕೆ ಬೇಕು ಎಂದುಕೊಂಡೇ ಶುರುಮಾಡಿದೆ. ಮುಗಿಸಿದ ಮೇಲೆ ಬರೆದವನ ಜೀವನವನ್ನೂ ಹುಡುಕಿ ಓದಿದೆ.

ಜೆ.ಆರ್.ಆರ್. ಟೋಲ್ಕಿನ್ ಹುಟ್ಟಿದ್ದು 1892ರಲ್ಲಿ, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೀನ್‌ನಲ್ಲಿ. ಅಪ್ಪ ಬ್ಯಾಂಕ್ ಮ್ಯಾನೇಜರ್, ನೌಕರಿಗಾಗಿ ಇಂಗ್ಲೆಂಡ್ ಬಿಟ್ಟು ಹೋದವರು. ತಾಯಿ 1895ರಲ್ಲಿ ಮಕ್ಕಳಿಬ್ಬರನ್ನು ಕರೆದುಕೊಂಡು ಇಂಗ್ಲೆಂಡಿಗೆ ಬಂದರು. ಮರುವರ್ಷ ಅಪ್ಪ ಅಲ್ಲೇ ತೀರಿಕೊಂಡರು. ಆಮೇಲೆ ಬರ್ಮಿಂಗ್‌ಹ್ಯಾಂ ಹತ್ತಿರದ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಸುಮಾರು ನಾಲ್ಕು ವರ್ಷ. ಅಲ್ಲೊಂದು ನೀರಿನ ಹಿಟ್ಟಿನ ಗಿರಣಿ, ಹಳ್ಳ, ಮರಗಳು. 1904ರಲ್ಲಿ ತಾಯಿಯೂ ಹೋದರು, ಹುಡುಗನಿಗೆ ಆಗ ಹನ್ನೆರಡು ವರ್ಷ. 1916ರ ಸೋಮ್ ಯುದ್ಧದ ಕಂದಕ ಕಂಡು ಬಂದ. ಆ ವರ್ಷವೇ ಇಬ್ಬರು ಆಪ್ತ ಗೆಳೆಯರನ್ನು ಕಳೆದುಕೊಂಡ. ಅವನ ಕಾದಂಬರಿಯ ಶೈರ್ ನಾಡು ಆ ಬಾಲ್ಯದ ಹಳ್ಳಿಯ ನೆನಪಿನಲ್ಲಿ ಕಟ್ಟಿದ್ದು.

ಕಟ್ಟಿದ ರೀತಿ ನೋಡಿದರೆ ಲೆಕ್ಕಪತ್ರದವನಾದ ನನಗೇ ಬೆರಗು. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕ. ಮೊದಲು ಭಾಷೆಗಳನ್ನು ಸೃಷ್ಟಿಸಿದ, ಆಮೇಲೆ ಅವನ್ನು ಆಡುವ ಜನರನ್ನು. ನಕಾಶೆ ಹಾಕಿ, ದಿನಕ್ಕೆ ಎಷ್ಟು ದೂರ ನಡೆಯಬಹುದು, ಆ ರಾತ್ರಿ ಚಂದ್ರ ಎಷ್ಟಿರಬೇಕು ಎಂದೆಲ್ಲ ತಾಳೆ ನೋಡಿದ. 1937ರ ಕೊನೆಗೆ ಶುರುಮಾಡಿದ ಕಾದಂಬರಿ ಅಚ್ಚಾದದ್ದು 1954-55ರಲ್ಲಿ.

ಇಂಥ ಕತೆಗಳೆಲ್ಲ ಪಲಾಯನ ಎಂಬ ಟೀಕೆಗೆ ಆತ 1939ರ ಒಂದು ಉಪನ್ಯಾಸದಲ್ಲಿ ಉತ್ತರ ಕೊಟ್ಟಿದ್ದಾನೆ. ಸೆರೆಯಲ್ಲಿದ್ದವನು ಮನೆಯನ್ನು ನೆನೆದರೆ ತಪ್ಪೇನು, ಅವನನ್ನೂ ಯುದ್ಧದಿಂದ ಓಡಿಹೋದ ಸಿಪಾಯಿಯನ್ನೂ ಒಂದೇ ಮಾಡಬೇಡಿ ಎಂಬುದು ಅದರ ತಾತ್ಪರ್ಯ. ಓದಿ ಭಾಳ ಖುಷಿಯಾಯಿತು. ನನ್ನ ಪರವಾಗಿ ಒಬ್ಬ ಸಾಕ್ಷಿ ಸಿಕ್ಕಂತಾಯಿತು.

ಸಾಕ್ಷಿ ಯಾಕೆ ಬೇಕಿತ್ತೆಂದರೆ, ಊರಿನ ಮನೆ ಮಾರೋಣವೆಂದು ತಮ್ಮ ಎರಡು ವರ್ಷದಿಂದ ಕೇಳುತ್ತಿದ್ದ, ನಾನು ಸಹಿ ಹಾಕಿರಲಿಲ್ಲ. ಅವನ ಮಾತು ಇಷ್ಟೇ: "ಅಣ್ಣಾ, ನಿನಗ ಮನಿ ಅಂದ್ರ ನೆನಪು. ನನಗ ಮನಿ ಅಂದ್ರ ವರ್ಷಾ ಮಳಿಗಾಲಕ್ಕ ಮಾಳಿಗಿಗೆ ಮಣ್ಣ ಹಾಕ್ಸೋದು."

ನನ್ನನ್ನು ಯಾರೂ ಸೆರೆಯಲ್ಲಿಟ್ಟಿರಲಿಲ್ಲ. ಬಡ್ತಿ ಬೇಕೆಂದು ನಾನೇ ಬಂದವನು. ಅವ್ವನ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕದಲ್ಲಿದ್ದವನೂ ಅವನೇ. ಹಾಗಿದ್ದಾಗ ಆ ಸಾಕ್ಷಿ ನನ್ನ ಕಡೆಯವನು ಹೇಗಾದಾನು?

ಮತ್ತೆ ಕಾದಂಬರಿಯ ಕೊನೆ ತೆರೆದೆ. ಗೆದ್ದು ಬಂದವರಿಗೆ ಶೈರ್ ಮೊದಲಿನಂತೆ ಸಿಗುವುದಿಲ್ಲ. ಮರ ಕಡಿದಿದ್ದಾರೆ, ಗಿರಣಿ ಹೊಗೆ ಕಾರುತ್ತಿದೆ. ಸ್ಯಾಮ್ ಸುಮ್ಮನೆ ಸಸಿ ನೆಡುತ್ತಾ ಹೋಗುತ್ತಾನೆ. ಆ ನಾಡಿಗಾಗಿ ಅಷ್ಟೆಲ್ಲ ನೊಂದ ಫ್ರೋಡೋ ಅಲ್ಲಿ ಬಾಳಲಾರದೆ ಹಡಗು ಹತ್ತುತ್ತಾನೆ. ಬಿಟ್ಟುಬಂದ ಊರು ಹಾಗೇ ಕಾದಿರುತ್ತದೆಂದು ಟೋಲ್ಕಿನ್ ಓದುಗನಿಗೆ ಸುಳ್ಳು ಹೇಳಲಿಲ್ಲ. ಇನ್ನೊಂದು ಮಾತು. ನಿಜವಾದ ಸೇರ್‌ಹೋಲ್ ಗಿರಣಿ ಪಾಳುಬಿದ್ದಾಗ, 1960ರ ದಶಕದಲ್ಲಿ, ಅದರ ದುರಸ್ತಿಗೆ ಆತ ಹಣವನ್ನೂ ಕೊಟ್ಟ.

ಕಲ್ಪನೆಯ ಊರು ಕಟ್ಟಿಕೊಳ್ಳುವುದು ಪಾಪವಲ್ಲ. ಅದರ ಖರ್ಚನ್ನು ಇನ್ನೊಬ್ಬರ ಖಾತೆಗೆ ಬರೆಯುವುದು ತಪ್ಪು. ಜೀವನವಿಡೀ ಬೇರೆಯವರ ಜಮಾ-ಖರ್ಚು ನೋಡಿದ ನನಗೆ ಇದು ತಿಳಿಯಲು ಒಂದು ಮಾಯಾಲೋಕದ ಕತೆ ಬೇಕಾಯಿತು.

ತಮ್ಮನಿಗೆ ಫೋನ್ ಮಾಡಿ, "ಇಷ್ಟು ವರ್ಷದ ಮಣ್ಣು, ಕೂಲಿ, ಕರ ಎಲ್ಲದರ ಲೆಕ್ಕ ಕಳಸು, ಅರ್ಧ ನಂದು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನಿ ಲೆಕ್ಕಾ ಯಾರ ಇಟ್ಟಾರಣ್ಣಾ?" ಅಂದ. ಮುಂದಿನ ವಾರ ಊರಿಗೆ ಹೋಗಿ ಸಹಿ ಹಾಕಿ ಬಂದೆ.

ಊರಲ್ಲಿರುವ ನಿಮಗೊಂದು ಮಾತು. ಹೊರನಾಡಿನ ಅಣ್ಣನೋ ಅಕ್ಕನೋ ಹಳೇ ಮನೆ ಮಾರಬೇಡ ಎಂದು ಹಟ ಹಿಡಿದರೆ ಸಿಟ್ಟಾಗಬೇಡಿ. ಈ ಸಲ ಮಳೆಗಾಲಕ್ಕೆ ಎಷ್ಟು ಖರ್ಚಾಯಿತೆಂದು ಒಂದು ಚೀಟಿ ಬರೆದು ಕಳಿಸಿ.