ಎಲೀಯನಿಗೆ ಕೇಳಿದ ಪ್ರಶ್ನೆ

ಮನಗುಂದಿದವನನ್ನು ಕಂಡ ಕೂಡಲೇ ವಿಶ್ವಾಸವು ಸಾಲದೆಂದು ಗದರಿಸುವ ವಾಡಿಕೆಯು ನಮ್ಮ ಸಭೆಗಳಲ್ಲಿ ಉಂಟಷ್ಟೆ. ಒಂದನೆಯ ಅರಸುಗಳ 19ನೆಯ ಅಧ್ಯಾಯವನ್ನು ನೋಡೋಣ. ಕರ್ಮೆಲಿನಲ್ಲಿ ಜಯಹೊಂದಿದ ಎಲೀಯನೇ ಈಜೆಬೆಲಳಿಗೆ ಅಂಜಿ ಅಡವಿಗೆ ಓಡಿ ಮರಣವನ್ನು ಬೇಡಿಕೊಂಡನು. ದೂತನು ಅವನನ್ನು ಗದರಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸಿ, ಉಂಡ ಮೇಲೆ ತಿರಿಗಿ ನಿದ್ರಿಸಗೊಟ್ಟನು. ನಮ್ಮಲ್ಲಿಯೂ ವಾರಗಟ್ಟಲೆ ನಿದ್ರೆ ಹಸಿವು ಕೆಟ್ಟವನನ್ನು ವೈದ್ಯರ ಬಳಿಗೆ ಕರೆದೊಯ್ಯುವದು ಅವಿಶ್ವಾಸವಲ್ಲ.

ಹೋರೇಬಿನಲ್ಲಿ ದೇವರು, ಇಲ್ಲಿಗೇಕೆ ಬಂದೆಯೆಂದು ಎಲೀಯನನ್ನು ಎರಡಾವರ್ತಿ ಕೇಳಿದನು. ಸರ್ವವನ್ನೂ ಬಲ್ಲಾತನಿಗೆ ಉತ್ತರವು ಬೇಕಾಗಿತ್ತೋ? ಎಲೀಯನು ತನ್ನ ಹೃದಯವನ್ನು ತಾನೇ ಅರಿಯಲೆಂದು ಕೇಳಿದನೆಂಬದು ನಮ್ಮ ಎಣಿಕೆ. ಆದದರಿಂದ ನಾವೂ ಪ್ರಾರ್ಥನೆಯಲ್ಲಿ ಅಂಜಿಕೆಯನ್ನು ಅಂಜಿಕೆಯೆಂದೂ ಕೋಪವನ್ನು ಕೋಪವೆಂದೂ ಮುಚ್ಚದೆ ಹೇಳೋಣ. ಎಲೀಯನು ತಾನೊಬ್ಬನೇ ಉಳಿದೆನೆಂದು ಎರಡು ಸಾರಿಯೂ ದೂರಿದನು. ಆಗ ಬಾಳನಿಗೆ ಅಡ್ಡಬೀಳದ 7000 ಮಂದಿಯ ವರ್ತಮಾನವು ಅವನಿಗೆ ತಿಳಿಯಿತು. ಇಳಿದುಹೋದಾಗ ಹೊಲ ಉಳುತ್ತಿದ್ದ ಎಲೀಷನು ಜೊತೆಗೆ ಬಂದನು.